ಮುನ್ನೂರ ಮೂವತ್ತಾರು ರೊಟ್ಟಿ

ಬಾಳಿವೇಸ, ಸೊಲ್ಲಾಪುರ
3 ಜೂನ್ 2024

ಚಪಳಗಾಂವದ ಬೀರೋಬಾ ಮಹಿಳಾ ಬಚತ ಗಟದ ಅಧ್ಯಕ್ಷೆ ಜನಾಬಾಯಿಯವರಿಗೆ ಸೇವಾ ಸಂಸ್ಥೆಯ ಕಾರ್ಯದರ್ಶಿ ಚನ್ನವೀರಪ್ಪನ ಶರಣಾರ್ಥಿ.

ನಿಮ್ಮ ಉಳಿತಾಯ ಗುಂಪಿನ ಅರ್ಜಿಯನ್ನು ಈ ಕಾಗದದ ಜೊತೆ ತಿರುಗಿ ಕಳಿಸಿದ್ದೇನೆ. ಸಿಟ್ಟಿನಿಂದ ಕಳಿಸಿಲ್ಲ. ಮೊನ್ನೆ ಸಿಟ್ಟು ಇತ್ತು, ಅದಕ್ಕೇ ಎರಡು ದಿನ ತಡೆದು ಕಳಿಸುತ್ತಿದ್ದೇನೆ.

ಫೋನ್ ಮಾಡಬಹುದಿತ್ತಲ್ಲ ಎನ್ನಬೇಡಿ. ಫೋನಿನಲ್ಲಿ ನನ್ನ ಕಿವಿ ಅರ್ಧ ಕೆಲಸ ಮಾಡುತ್ತದೆ. ನಿಮ್ಮ ಮನೆಯ ಫೋನು ನಿಮ್ಮ ಯಜಮಾನ ಧರೆಪ್ಪನವರ ಜೇಬಿನಲ್ಲಿ ಕುರಿಯ ಹಿಂದೆ ಅಲೆಯುತ್ತದೆ. ನಮ್ಮ ಸಂಸ್ಥೆಯ ಕಂಪ್ಯೂಟರ್ ಕೆಲಸವನ್ನೆಲ್ಲ ನನ್ನ ಮೊಮ್ಮಗಳು ಪ್ರಾಜಕ್ತಾ ನೋಡುತ್ತಾಳೆ, ಆದರೆ ಅವಳಿಗೆ ಕನ್ನಡದ ಒಂದಕ್ಷರ ಓದಲು ಬಾರದು. ನಿಮಗೆ ಬರೆಯಲು ಬರುವುದು ಕನ್ನಡವೊಂದೇ. ಹೀಗಾಗಿ ನಮ್ಮಿಬ್ಬರಿಗೆ ಉಳಿದ ದಾರಿ ಎಂದರೆ ಎಸ್‌ಟಿ ಬಸ್ಸಿನ ಕಂಡಕ್ಟರ್ ತುಕಾರಾಮ ಮತ್ತು ಅವನ ಚೀಲ.

ವಿಷಯಕ್ಕೆ ಬರುತ್ತೇನೆ. ಮುಂಬೈಯ ನಿಧಿಯವರು ಅನುದಾನ ಕೊಡುವುದು ಯಾತಕ್ಕೆ ಎಂದು ನಿಮಗೆ ಮೂರು ಸಲ ಹೇಳಿದ್ದೇನೆ. ಯಾವ ವಸ್ತುವೂ ಕಸವಾಗಿ ಹೋಗಬಾರದು, ತಿರುಗಿ ತಿರುಗಿ ಉಪಯೋಗಕ್ಕೆ ಬರಬೇಕು, ಆ ಕೆಲಸದಲ್ಲಿ ಯಾರಿಗೂ ಬೇಡವಾದವರಿಗೆ ಮೊದಲು ಜಾಗ ಸಿಗಬೇಕು. ನಿಮ್ಮ ಹಳ್ಳದ ದಂಡೆಯಲ್ಲಿ ಕೊಳೆಯುವ ಉಣ್ಣೆ, ನಮ್ಮ ಟಾವೆಲ್ ಗೋದಾಮುಗಳಲ್ಲಿ ಬೀಳುವ ನೂಲಿನ ಚೂರು, ಎರಡನ್ನೂ ಹಿಂಜಿ ಸೇರಿಸಿ ಹಾಸು ಮಾಡುವ ನಮ್ಮ ಯೋಜನೆ ಅವರಿಗೆ ಬಹಳ ಹಿಡಿಸಿದೆ. ಉಣ್ಣೆ ಹಿಂಜುವ ಯಂತ್ರ ಚಪಳಗಾಂವಕ್ಕೇ ಕೊಡುತ್ತಾರೆ. ಷರತ್ತು ಒಂದೇ: ವರ್ಷಕ್ಕೆ ಐದು ನೂರು ಕಿಲೋ ಉಣ್ಣೆ ಇರಬೇಕು.

ಅರ್ಜಿಯ ಏಳನೆಯ ಕಾಲಮ್ಮು ಗುಂಪಿನ ಒಟ್ಟು ಕುರಿಗಳ ಸಂಖ್ಯೆ ಕೇಳುತ್ತದೆ. ನೀವು ನಲವತ್ತು ಎಂದು ಬರೆದಿದ್ದೀರಿ. ಹನ್ನೊಂದು ಮನೆಗೆ ನಲವತ್ತು ಕುರಿ. ಹೋದ ದೀಪಾವಳಿಗೆ ನಾನು ಅಕ್ಕಲಕೋಟಕ್ಕೆ ಹೋಗುವಾಗ ನಿಮ್ಮೂರ ಕುರಿ ರಸ್ತೆ ದಾಟುವ ತನಕ ನಮ್ಮ ಬಸ್ಸು ಇಪ್ಪತ್ತು ನಿಮಿಷ ನಿಂತಿತ್ತು. ಆ ನಲವತ್ತು ಕುರಿ ಒಂದೊಂದಾಗಿ ಟಿಕೀಟು ತೆಗೆಸಿಕೊಂಡು ದಾಟಿದವೇನು?

ಜುಲೈ ಮುಗಿಯುವುದರೊಳಗೆ ಅರ್ಜಿ ಮುಂಬೈ ಸೇರಬೇಕು. ಸರಿಯಾದ ಸಂಖ್ಯೆ ಬರೆದು ಕಳಿಸಿರಿ.

ಚನ್ನವೀರಪ್ಪ

*

ಚಪಳಗಾಂವ
9 ಜೂನ್ 2024

ಚನ್ನವೀರಪ್ಪ ಸಾವಕಾರರಿಗೆ ಜನಾಬಾಯಿ ಮಾಡುವ ನಮಸ್ಕಾರ.

ನೀವು ಹೇಳಿದ ಹಾಗೆ ಸಂಖ್ಯೆ ತಿದ್ದಿದ್ದೇನೆ. ಅರವತ್ತು.

ಇದಕ್ಕೂ ನಿಮಗೆ ಸಿಟ್ಟು ಬರುತ್ತದೆ ಎಂದು ಗೊತ್ತು. ನಲವತ್ತರಿಂದ ಅರವತ್ತಕ್ಕೆ ಏರಿಸಲು ನನಗೆ ನಾಲ್ಕು ದಿನ ಬೇಕಾಯಿತು. ನಮ್ಮ ಯಜಮಾನರು ಹೇಳುವುದು ಒಂದೇ ಮಾತು. "ಕುರಿ ಎಣಿಸಿ ಹೇಳಬಾರ್ದು. ಬೀರೋಬಾ ಕೊಟ್ಟಿದ್ದನ್ನ ಎಣಿಸಾಕ ನಾವ್ಯಾರು?" ಅವರು ಎಣಿಸುವುದೂ ಇಲ್ಲ. ಸಂಜೆ ಹಟ್ಟಿಗೆ ಕುರಿ ಬಂದಾಗ ಸುಮ್ಮನೆ ನೋಡುತ್ತಾರೆ, ಒಂದು ಕಡಿಮೆ ಇದ್ದರೆ ಯಾವುದು ಎಂದು ಹೆಸರು ಹಿಡಿದು ಹೇಳುತ್ತಾರೆ. ಹೊರಗಿನವರು ಕೇಳಿದರೆ ಬಾಯಿಗೆ ಬಂದ ಸಣ್ಣ ಸಂಖ್ಯೆ ಹೇಳುವುದು ನಮ್ಮ ರೂಢಿ. ಕೇಳುವವರೂ ನಮ್ಮವರೇ ಆದರೆ ಅದನ್ನು ಯಾರೂ ನಿಜವೆಂದು ಹಿಡಿಯುವುದಿಲ್ಲ. ಇದರಲ್ಲಿ ಸುಳ್ಳಿಲ್ಲ ಸಾವಕಾರರೇ. ನಿಮ್ಮ ಪೇಟೆಯಲ್ಲಿ ಸಂಜೆ ಬಾಗಿಲು ಹಾಕುವಾಗ ಅಂಗಡಿ ಮುಚ್ಚಿದೆವು ಎನ್ನುವುದಿಲ್ಲ, ಹೆಚ್ಚಿಸಿದೆವು ಎನ್ನುತ್ತೀರಿ. ಏನು ಹೆಚ್ಚಾಯಿತು, ಲೆಕ್ಕ ಕೊಡಿರಿ ಎಂದು ನಾವು ಯಾವತ್ತೂ ಕೇಳಿಲ್ಲ.

ಯಂತ್ರ ಯಾಕೆ ಬೇಕು ಎಂಬ ಕಾಲಮ್ಮಿನಲ್ಲಿ ಬರೆದದ್ದು ಮಾತ್ರ ಅಕ್ಷರಕ್ಕೆ ಅಕ್ಷರ ನಿಜ. ನನ್ನ ನಾದಿನಿ ಬೀರವ್ವನಿಗೆ ಚಿಕ್ಕಂದಿನಿಂದ ಬಲಗಾಲಿಲ್ಲದ ಹಾಗೆ. ಕುರಿಯ ಹಿಂದೆ ನಡೆಯಲಾರಳು. ಅಣ್ಣನ ಮನೆಯಲ್ಲಿ ಕುಳಿತು ರಾಟಿ ತಿರುಗಿಸಿ ಉಣ್ಣೆ ನೂಲುವುದೊಂದೇ ಅವಳದು ಎನ್ನುವ ಕೆಲಸ. ಉಣ್ಣೆ ಹಿಂಜಿ ಕೊಡುತ್ತಿದ್ದ ಸಿದ್ಧರಾಮಜ್ಜ ತೀರಿಕೊಂಡು ಎರಡು ವರ್ಷವಾಯಿತು. ಹಿಂಜದ ಉಣ್ಣೆಯಲ್ಲಿ ನೂಲು ಬರುವುದಿಲ್ಲ. ಕೈಬೆರಳಿನಿಂದ ಬಿಡಿಸಿ ಬಿಡಿಸಿ ದಿನಕ್ಕೆ ಒಂದು ಹಿಡಿ ಮಾಡಿಕೊಳ್ಳುತ್ತಾಳೆ, ಉಳಿದದ್ದು ಹಳ್ಳಕ್ಕೆ ಹೋಗುತ್ತದೆ. "ವೈನಿ, ನಾ ಬರೇ ಉಣ್ಣಾಕ ಇರೂದಾತು" ಎಂದು ಮೊನ್ನೆ ಅಂದಳು. ಅದಕ್ಕಾಗಿ ಯಂತ್ರ ಬೇಕು. ಇದನ್ನು ಎಷ್ಟು ಸಲ ಬೇಕಾದರೂ ಬರೆದುಕೊಡುತ್ತೇನೆ.

ಜನಾಬಾಯಿ

*

ಸೊಲ್ಲಾಪುರ
14 ಜೂನ್ 2024

ಜನಾಬಾಯಿಯವರಿಗೆ,

ಅರವತ್ತು. ಬಹಳ ಉಪಕಾರವಾಯಿತು. ಇದೇ ವೇಗದಲ್ಲಿ ಹೋದರೆ ಐದು ನೂರು ಕಿಲೋ ಉಣ್ಣೆಗೆ ಬೇಕಾಗುವಷ್ಟು ಕುರಿ ನಿಮ್ಮ ಅರ್ಜಿಯಲ್ಲಿ ಹುಟ್ಟಲು ಇನ್ನೊಂದು ವರ್ಷ ಸಾಕು.

ನನ್ನ ಹೆಂಡತಿ ಲೀಲಾಬಾಯಿಗೆ ನಿಮ್ಮ ಕಾಗದ ಓದಿ ಹೇಳಿದೆ. ಅಂಗಡಿ ಹೆಚ್ಚಿಸುವ ಮಾತು ಬಂದಾಗ ಅವಳು ನಕ್ಕ ನಗು ಇನ್ನೂ ನಿಂತಿಲ್ಲ. ಮನೆಯಲ್ಲಿ ನನ್ನ ಮರ್ಯಾದೆ ಇಷ್ಟಾದರೂ ಉಳಿದಿತ್ತು, ಅದನ್ನೂ ತೆಗೆದಿರಿ.

ನಿಮ್ಮ ರೂಢಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಮುಂಬೈಯವರಿಗೆ ಬೀರೋಬಾ ಗೊತ್ತಿಲ್ಲ, ಏಳನೆಯ ಕಾಲಮ್ಮು ಗೊತ್ತು. ಎಲ್ಲ ವಸ್ತುವೂ ತಿರುಗುತ್ತಿರಬೇಕು ಎನ್ನುವ ಈ ಯೋಜನೆಯಲ್ಲಿ ಈ ತನಕ ತಿರುಗಿದ್ದು ನಿಮ್ಮ ಅರ್ಜಿಯೊಂದೇ. ಕುರಿ ಎಣಿಸಬೇಡಿ, ಆಯಿತು. ಈ ತಿಂಗಳು ಉಣ್ಣೆ ಕತ್ತರಿಸುತ್ತೀರಲ್ಲ, ಅದನ್ನಾದರೂ ತೂಗಿರಿ. ಅದೂ ಆಗದಿದ್ದರೆ ಎಣಿಸಿ ಹೇಳಬಹುದಾದ ಏನಾದರೊಂದು ನಿಮ್ಮ ಊರಿನಲ್ಲಿ ಇದ್ದರೆ ಬರೆಯಿರಿ. ನಾಯಿ, ಕತ್ತರಿ, ಏನಾದರೂ. ಮುಂದಿನ ಲೆಕ್ಕ ನಾನು ಹಾಕಿಕೊಳ್ಳುತ್ತೇನೆ. ಬಟ್ಟೆಯ ವ್ಯಾಪಾರದಲ್ಲಿ ಐವತ್ತು ವರ್ಷ ಕಳೆದವನು ನಾನು, ತುಂಡು ನೋಡಿ ಇಡೀ ತಾಕಿನ ಅಳತೆ ಹೇಳಬಲ್ಲೆ.

ಚನ್ನವೀರಪ್ಪ

*

ಚಪಳಗಾಂವ
2 ಜುಲೈ 2024

ಸಾವಕಾರರಿಗೆ ನಮಸ್ಕಾರ.

ಉಣ್ಣೆ ಕತ್ತರಿಸುವುದು ನಿನ್ನೆ ಮುಗಿಯಿತು. ತೂಗುವ ಮಾತು ತೆಗೆದೆ. "ತೂಗಿದ್ರ ಎಣಿಸಿದಂಗ ಆತು" ಎಂದರು ನಮ್ಮ ಯಜಮಾನರು. ಆರು ದಿನದ ಉಣ್ಣೆ ಮತ್ತೆ ಹಳ್ಳದ ದಂಡೆ ಸೇರಿತು, ಮಳೆಯೂ ಬಂತು.

ಆದರೆ ನೀವು ಕೇಳಿದ್ದು ಸಿಕ್ಕಿದೆ. ಕತ್ತರಿಸುವ ದಿನ ಹನ್ನೊಂದು ಮನೆಯ ಗಂಡಸರು ಒಬ್ಬರ ಕುರಿಗೆ ಒಬ್ಬರು ಬರುತ್ತಾರೆ, ಒಂದು ದಿನ ಹೆಚ್ಚು ಜನ, ಒಂದು ದಿನ ಕಡಿಮೆ. ಕೂಲಿ ಇಲ್ಲ, ಎರಡು ಹೊತ್ತಿನ ಊಟ ಅಷ್ಟೇ. ಆರೂ ದಿನದ ರೊಟ್ಟಿ ನಮ್ಮ ಮನೆಯ ಒಲೆಯ ಮೇಲೇ ಆಯಿತು, ಬಡಿದವಳು ಬೀರವ್ವ. ಅವಳು ಒಂದೊಂದು ರೊಟ್ಟಿಗೆ ಒಂದೊಂದು ಇದ್ದಲಿಯ ಗೆರೆಯನ್ನು ಒಲೆಯ ಹಿಂದಿನ ಗೋಡೆಗೆ ಎಳೆದಿದ್ದಾಳೆ. ಮುನ್ನೂರ ಮೂವತ್ತಾರು. ರೊಟ್ಟಿ ಎಣಿಸಬಾರದು ಎಂದು ಬೀರೋಬಾ ಹೇಳಿಲ್ಲ. ಒಬ್ಬ ಗಂಡಸು ದಿನಕ್ಕೆ ಇಪ್ಪತ್ತು ಕುರಿ ಕತ್ತರಿಸುತ್ತಾನೆ, ಇದು ಎಲ್ಲರಿಗೂ ಗೊತ್ತಿದ್ದ ಮಾತು. ಒಂದು ಕುರಿಗೆ ವರ್ಷಕ್ಕೆ ಎರಡು ಕತ್ತರಿ ಸೇರಿ ಅರ್ಧ ಕಿಲೋ ಉಣ್ಣೆ.

ಇದು ಬೀರವ್ವನ ಯುಕ್ತಿ. ಬರೆಯಿರಿ ವೈನಿ ಎಂದು ತಾನೇ ಬಂದು ಹೇಳಿದಳು. ಎರಡು ವರ್ಷದಲ್ಲಿ ಅವಳು ಇಷ್ಟು ಹುರುಪಾಗಿದ್ದನ್ನು ನಾನು ನೋಡಿಲ್ಲ.

ಒಂದೇ ಮಾತು ನಡೆಸಿಕೊಡಿರಿ. ಲೆಕ್ಕ ನಿಮ್ಮ ತಲೆಯಲ್ಲಿ ಇರಲಿ. ಕಾಗದದ ಮೇಲೆ ಉಣ್ಣೆಯ ಕಿಲೋ ಮಾತ್ರ ಬರೆಯಿರಿ, ಕುರಿಯ ಸಂಖ್ಯೆ ಬರೆಯಬೇಡಿರಿ.

ಜನಾಬಾಯಿ

*

ಸೊಲ್ಲಾಪುರ
6 ಜುಲೈ 2024

ಜನಾಬಾಯಿಯವರಿಗೆ,

ಬೀರವ್ವನಿಗೆ ನನ್ನ ಶಾಬಾಸ್ ಹೇಳಿರಿ. ನಮ್ಮ ಸಂಸ್ಥೆಯಲ್ಲಿ ಇಷ್ಟು ಬುದ್ಧಿಯ ಒಬ್ಬರಿದ್ದರೆ ನಾನು ಎಂದೋ ಮನೆಯಲ್ಲಿ ಕೂರುತ್ತಿದ್ದೆ.

ಲೆಕ್ಕ ಹಾಕಿದೆ. ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಉಣ್ಣೆ ನಿಮ್ಮಲ್ಲಿದೆ, ಮುಂಬೈಯವರು ಬೇಡವೆನ್ನಲು ಕಾರಣವೇ ಇಲ್ಲ. ಅರ್ಜಿ ನಿನ್ನೆ ಪ್ರಾಜಕ್ತಾಳ ಕಂಪ್ಯೂಟರಿನಿಂದ ಹೋಯಿತು. ಏಳನೆಯ ಕಾಲಮ್ಮಿನ ಚಿಂತೆ ನಿಮಗೆ ಬೇಡ, ಅದನ್ನು ನಾನು ನೋಡಿಕೊಂಡಿದ್ದೇನೆ. ಆಗಸ್ಟಿನಲ್ಲಿ ಮುಂಬೈಯಿಂದ ಸಪ್ನಾ ಎಂಬ ಅಧಿಕಾರಿ ನೋಡಲು ಬರುತ್ತಾಳೆ. ಚಹಾ ಕೊಡಿರಿ, ರಾಟಿ ತೋರಿಸಿರಿ. ಮೊದಲ ಸಲ ನಿಮ್ಮ ಕಾಗದ ಓದಿ ನನ್ನ ರಕ್ತದೊತ್ತಡ ಏರಲಿಲ್ಲ.

ಚನ್ನವೀರಪ್ಪ

*

ಚಪಳಗಾಂವ
16 ಆಗಸ್ಟ್ 2024

ಸಂಸ್ಥೆಯ ಕಾರ್ಯದರ್ಶಿಯವರಿಗೆ,

ನಿಮ್ಮ ಸಪ್ನಾ ಮೇಡಂ ಸೋಮವಾರ ಬಂದಿದ್ದರು. ಒಳ್ಳೆಯ ಹುಡುಗಿ, ತಪ್ಪು ಅವಳದಲ್ಲ. ಬೀರೋಬಾನ ಕಟ್ಟೆಯ ಮೇಲೆ ಹನ್ನೊಂದು ಮನೆಯ ಗಂಡಸರು ಹೆಂಗಸರು ಕುಳಿತಿದ್ದರು. ಅವಳು ಕಾಗದ ತೆಗೆದು ಗಟ್ಟಿಯಾಗಿ ಮರಾಠಿಯಲ್ಲಿ ಓದಿದಳು. ಏಳನೆಯ ಕಾಲಮ್ಮು ಬಂತು. ಎರಡು ಸಾವಿರದ ಎರಡು ನೂರ ನಲವತ್ತು ಕುರಿ.

ಕುರಿಯ ಸಂಖ್ಯೆ ಬರೆಯಬೇಡಿರಿ ಎಂದು ನಾನು ಬರೆದಿದ್ದೆ. ನೀವು ನೋಡಿಕೊಂಡಿದ್ದೇನೆ ಎಂದು ಬರೆದಿರಿ. ಹೀಗೆ ನೋಡಿಕೊಂಡಿರಿ. ಅದೂ ದೇವರ ಎದುರಿಗೆ ಓದಿಸಿದಿರಿ. ಅದೂ ಸುಳ್ಳು ಸಂಖ್ಯೆ, ಇದ್ದದ್ದರ ಎರಡು ಪಟ್ಟು. ಒಬ್ಬ ಗಂಡಸಿಗೆ ದಿನಕ್ಕೆ ಮೂರು ರೊಟ್ಟಿ ಹಿಡಿದಿರೇನು? ನಮ್ಮವರು ದಿನಕ್ಕೆ ಆರು ತಿನ್ನುತ್ತಾರೆ, ಮೂರು ರೊಟ್ಟಿ ತಿನ್ನುವುದು ಜ್ವರ ಬಂದಾಗ.

ಮೊದಲು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಮೇಡಂ ಚಹಾ ಕುಡಿಯುವಷ್ಟರಲ್ಲಿ ಗಂಡಸರು ಒಬ್ಬೊಬ್ಬರಾಗಿ ಎದ್ದು ಹೋಗಿ ಕುರಿಯನ್ನು ಬೋರಿ ನದಿಯ ಆಚೆಗೆ ಹೊಡೆದರು. ಅವಳು ಹಟ್ಟಿ ನೋಡಲು ಬಂದಾಗ ಅಲ್ಲಿ ಇದ್ದದ್ದು ಮರಿಗಳು ಮತ್ತು ಕುಂಟು ಕುರಿ, ನಲವತ್ತು ಇರಬಹುದು. ನಿಮಗೆ ಬೇಕಾದರೆ ಈಗ ನನ್ನ ಮೊದಲ ಅರ್ಜಿಯನ್ನೇ ಕಳಿಸಿರಿ, ಅದು ಸರಿಯಾಗಿದೆ.

ಯಂತ್ರ ಬೇಡ. ನಮ್ಮ ಕಾಗದಗಳನ್ನು ತಿರುಗಿ ಕೊಡಿರಿ.

ಜನಾಬಾಯಿ ಧರೆಪ್ಪ

*

ಸೊಲ್ಲಾಪುರ
21 ಆಗಸ್ಟ್ 2024

ಜನಾಬಾಯಿಯವರಿಗೆ,

ಸಿಟ್ಟು ನಿಮಗೊಬ್ಬರಿಗೇ ಬರುತ್ತದೆ ಎಂದು ತಿಳಿಯಬೇಡಿ. ಮುಂಬೈಯಿಂದ ನನಗೆ ಬಂದ ಪತ್ರದಲ್ಲಿ 'ದಾರಿ ತಪ್ಪಿಸುವ ಮಾಹಿತಿ' ಎಂದಿದೆ. ಅದನ್ನು ಪ್ರಾಜಕ್ತಾ ಗಟ್ಟಿಯಾಗಿ ಓದಿ ಹೇಳಿದಳು, ಪಕ್ಕದ ಅಂಗಡಿಯವರಿಗೂ ಕೇಳಿಸಿತು. ಹದಿನೈದು ವರ್ಷದಿಂದ ಈ ಸಂಸ್ಥೆಯ ಕೆಲಸ ಮಾಡುತ್ತಿದ್ದೇನೆ, ಇಂಥ ಮಾತು ಕೇಳಿರಲಿಲ್ಲ.

ಕಾಲಮ್ಮು ಖಾಲಿ ಬಿಟ್ಟರೆ ಅರ್ಜಿ ಕಂಪ್ಯೂಟರಿನಲ್ಲಿ ಮುಂದೆ ಹೋಗುವುದೇ ಇಲ್ಲ. ನಾನು ಏನು ಮಾಡಬೇಕಿತ್ತು? ನಾನು ಹೊತ್ತಿಗೆ ಒಂದೂವರೆ ರೊಟ್ಟಿ ತಿನ್ನುತ್ತೇನೆ, ಆ ಲೆಕ್ಕದಲ್ಲೇ ಹಾಕಿದೆ. ಮುನ್ನೂರ ಮೂವತ್ತಾರು ಎಂದು ಬರೆಯುವಾಗ ಒಬ್ಬ ಎಷ್ಟು ತಿನ್ನುತ್ತಾನೆ ಎಂದೂ ಒಂದು ಸಾಲು ಬರೆದಿದ್ದರೆ ನಿಮ್ಮ ಶಾಯಿ ಮುಗಿಯುತ್ತಿತ್ತೇ?

ಕುರಿಯನ್ನು ನದಿ ದಾಟಿಸಿದ್ದಂತೂ ನಾನಲ್ಲ. ಒಂದು ದಿನ ಹಟ್ಟಿಯಲ್ಲಿ ನಿಲ್ಲಿಸಿದ್ದರೆ ಸಪ್ನಾ ಕಣ್ಣಾರೆ ನೋಡುತ್ತಿದ್ದಳು, ಎರಡು ಪಟ್ಟೋ ಒಂದು ಪಟ್ಟೋ, ಯಂತ್ರ ಬರುತ್ತಿತ್ತು. ಬೀರವ್ವನ ಕೆಲಸಕ್ಕೆ ಅಡ್ಡ ಬಂದದ್ದು ನನ್ನ ಲೆಕ್ಕವೋ ನಿಮ್ಮ ಗಂಡಸರ ಹಟವೋ ನೀವೇ ವಿಚಾರ ಮಾಡಿರಿ.

ಕಾಗದಗಳನ್ನು ಹುಡುಕಿ ಕಳಿಸುತ್ತೇನೆ.

ಚನ್ನವೀರಪ್ಪ

*

ಸೊಲ್ಲಾಪುರ
26 ಸೆಪ್ಟೆಂಬರ್ 2024

ತಂಗಿ ಜನಾಬಾಯಿಗೆ,

ಒಂದು ತಿಂಗಳ ಮೇಲಾಯಿತು, ನಿಮ್ಮ ಉತ್ತರವಿಲ್ಲ. ಸಿಟ್ಟು ಇಳಿದಿಲ್ಲ ಎಂದುಕೊಂಡು ನಾನೂ ಬಿಗುವಾಗಿಯೇ ಇದ್ದೆ. ಮೊನ್ನೆ ತುಕಾರಾಮ ಅಂಗಡಿಗೆ ಬಂದಾಗ, ಚಪಳಗಾಂವದ ಕಾಗದ ಯಾಕೆ ಇಲ್ಲ, ಅಲ್ಲಿ ಶಾಯಿ ಮುಗಿಯಿತೇನು ಎಂದು ಚೇಷ್ಟೆ ಮಾಡಿದೆ. ಅವನು ನಗಲಿಲ್ಲ. "ಸಾವಕಾರ್ರ, ನಿಮಗ ಗೊತ್ತಿಲ್ಲೇನ್ರಿ? ಆ ಮುಂಬೈ ಮೇಡಂ ಹ್ವಾದ ಮ್ಯಾಲ ಹದಿನೈದ ದಿನದಾಗ ಒಂಬತ್ತ ಕುರಿ ಸತ್ವು" ಎಂದ.

ಉಳಿದದ್ದನ್ನೂ ಅವನಿಂದಲೇ ಕೇಳಿದೆ. ಸಂಖ್ಯೆ ಓದಿದ್ದಕ್ಕೇ ಕುರಿ ಸತ್ತವು ಎಂದು ಊರು ಆಡಿಕೊಂಡದ್ದು. ಆ ಸಂಖ್ಯೆ ಹುಟ್ಟಿದ್ದು ಬೀರವ್ವನ ಗೆರೆಗಳಿಂದ ಎಂದು ಯಾರೋ ಹೇಳಿದ್ದು. ಆ ಗೋಡೆಗೆ ಸಗಣಿ ಸಾರಿಸಿ ಗೆರೆ ಮುಚ್ಚಿದ್ದು. ಬೀರವ್ವ ತನ್ನ ರಾಟಿಯನ್ನು ಬೀರೋಬಾನ ಗುಡಿಯಲ್ಲಿ ಇಟ್ಟು ಬಂದದ್ದು. ನಿಮ್ಮ ಬಚತ ಗಟ ಅಂದಿನಿಂದ ಕೂಡಿಲ್ಲ ಎಂಬುದು.

ಇದರಲ್ಲಿ ಒಂದನ್ನೂ ನೀವು ನನಗೆ ಬರೆಯಲಿಲ್ಲ. ನಾನು ಬೀರವ್ವನ ಹೆಸರು ತೆಗೆದು ನಿಮ್ಮನ್ನು ಚುಚ್ಚಿದಾಗಲೂ ಬರೆಯಲಿಲ್ಲ. ಡಾಕ್ಟರು ನೀಲಿ ನಾಲಿಗೆಯ ರೋಗ ಎಂದು ಹೇಳಿದ್ದಾರೆ, ಮಳೆಗಾಲದಲ್ಲಿ ಸುತ್ತಲಿನ ಊರುಗಳಲ್ಲೂ ಕುರಿ ಸತ್ತಿವೆ ಎಂದು ತುಕಾರಾಮನೇ ಹೇಳಿದ. ಅದು ನಿಮಗೂ ಗೊತ್ತು, ನನಗೂ ಗೊತ್ತು. ಬೀರವ್ವನಿಗೆ ಅದರಿಂದ ಏನು ಸಮಾಧಾನ?

ರಾತ್ರಿ ಲೀಲಾಬಾಯಿಗೆ ಎಲ್ಲ ಹೇಳಿದೆ. ಅವಳು ನನ್ನನ್ನು ಒಂದೇ ಪ್ರಶ್ನೆ ಕೇಳಿದಳು. "ನಿಮ್ಮ ಗೋದಾಮಿನ ಚೂರಿನ ಲೆಕ್ಕ ಅರ್ಜಿಯೊಳಗ ಎಷ್ಟ ಬರದೀರಿ?" ಅದರ ಉತ್ತರವನ್ನು ನಿಮಗೆ ಕೊಡುತ್ತೇನೆ. ಅದೇ ಅರ್ಜಿಯ ಒಂಬತ್ತನೆಯ ಕಾಲಮ್ಮು ನನ್ನದು: ತಿಂಗಳಿಗೆ ಬೀಳುವ ನೂಲಿನ ಚೂರು ಎಷ್ಟು. ಬೀಳುವುದು ಎಂಟು ನೂರು ಕಿಲೋ, ಬರೆದದ್ದು ನಾಲ್ಕು ನೂರು. ಪೇಟೆಯಲ್ಲಿ ಯಾವ ವ್ಯಾಪಾರಿಯೂ ತನ್ನ ಮಾಲಿನ ಖರೇ ಲೆಕ್ಕ ಬಾಯಿಬಿಟ್ಟು ಹೇಳುವುದಿಲ್ಲ, ನಮ್ಮಪ್ಪ ಹೇಳಲಿಲ್ಲ, ನಾನೂ ಹೇಳಲಿಲ್ಲ. ಯಾವ ಕಾಲಮ್ಮಿಗಾಗಿ ನಿಮ್ಮನ್ನು ಮೂರು ತಿಂಗಳು ಬೈದೆನೋ ಅದರ ಎರಡು ಸಾಲು ಕೆಳಗೆ ನನ್ನದೇ ಸುಳ್ಳು ಕುಳಿತಿತ್ತು.

ನನಗೆ ನಾಚಿಕೆಯಾಗಿದೆ. ಬುಧವಾರ ಅಮಾವಾಸ್ಯೆಗೆ ನಿಮ್ಮ ಊರಿಗೆ ಬರುತ್ತೇನೆ. ಚಹಾ ಬೇಡ. ಬೀರೋಬಾನ ಕಟ್ಟೆಯ ಮೇಲೆ ಹನ್ನೊಂದು ಮನೆಯವರನ್ನು ಕೂಡಿಸಿದರೆ ಸಾಕು.

ಚನ್ನವೀರಪ್ಪ

*

ಚಪಳಗಾಂವ
5 ಅಕ್ಟೋಬರ್ 2024

ಚನ್ನವೀರಪ್ಪ ಸಾವಕಾರರಿಗೆ ನಮಸ್ಕಾರ.

ನೀವು ಎರಡು ಗಂಟೆಯ ಬಸ್ಸಿಗೆ ಹೋದಿರಿ. ಆಮೇಲೆ ನಡೆದದ್ದನ್ನು ಬರೆಯುತ್ತೇನೆ.

ದೇವರ ಅರಿಶಿನದ ಭಂಡಾರ ಮುಟ್ಟಿ, ಸಂಖ್ಯೆ ನನ್ನದು, ತಪ್ಪು ನನ್ನದು, ಬೀರವ್ವ ಎಣಿಸಿದ್ದು ರೊಟ್ಟಿ ಮಾತ್ರ ಎಂದು ನೀವು ಹೇಳಿದಾಗ ನಮ್ಮವರು ತಲೆ ಎತ್ತಲಿಲ್ಲ. ಅದನ್ನು ನೀವೂ ನೋಡಿದಿರಿ. ಆಮೇಲೆ ನಿಮ್ಮ ಗೋದಾಮಿನ ಎಂಟು ನೂರು ಕಿಲೋ ಹೇಳಿದಿರಲ್ಲ, ಆಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೀವು ಬಸ್ಸು ಹತ್ತಿ ಹೋದ ಮೇಲೆ ನಮ್ಮ ಯಜಮಾನರು ಕಡೆಗೆ ಅಂದರು: "ಸಾವಕಾರ ಮಂದಿ ಖರೇ ಲೆಕ್ಕ ಹೇಳೂದು ನಾ ಈ ಜಲ್ಮದಾಗ ಕೇಳಿದ್ದಿಲ್ಲ. ಅಂವ ತನ್ನ ಮಾಲು ಹೇಳ್ಯಾನ, ನಮ್ಮ ಉಣ್ಣಿ ತೂಗಲಿ."

ಆದರೆ ಷರತ್ತು ಇದೆ. ಹನ್ನೊಂದು ಮನೆಯ ಉಣ್ಣೆ ಒಂದೇ ರಾಶಿಯಾಗಬೇಕು, ಯಾರದೆಷ್ಟು ಎಂದು ಯಾರಿಗೂ ತಿಳಿಯಬಾರದು. ಮೈಯಿಂದ ಇಳಿದು ರಾಶಿಗೆ ಬಿದ್ದ ಮೇಲೆ ಅದು ಉಣ್ಣೆ, ಕುರಿಯಲ್ಲ. ಡಿಸೆಂಬರಿನಲ್ಲಿ ಮತ್ತೆ ಕತ್ತರಿಸುತ್ತೇವೆ. ನಿಮ್ಮ ಗೋದಾಮಿನ ತೂಕದ ಕಾಟಾ ಸಿದ್ಧವಿರಲಿ.

ನಾನು ನಿಮ್ಮನ್ನು ಇನ್ನೂ ಪೂರ್ತಿ ಕ್ಷಮಿಸಿಲ್ಲ. ಬೀರವ್ವ ಅಡಿಗೆಮನೆಯಿಂದ ಹೊರಗೆ ಬರುವುದಿಲ್ಲ. ಅಣ್ಣ ಅವಳಿಗೆ ಬೈದಿಲ್ಲ, ಒಂದು ಮಾತೂ ಆಡಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜನಾಬಾಯಿ

*

ಸೊಲ್ಲಾಪುರ
23 ಡಿಸೆಂಬರ್ 2024

ತಂಗಿ ಜನಾಬಾಯಿಗೆ,

ಉಣ್ಣೆ ತೂಗಿದ ದಿನವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಧರೆಪ್ಪನವರು ಟೆಂಪೋ ಜೊತೆ ಬಂದು ಕಾಟಾದ ಕಡೆ ಬೆನ್ನು ಮಾಡಿ ನಿಂತರು. ನಾನು ಕಿಲೋ ಹೇಳಿದಾಗಲೆಲ್ಲ ಜೋರಾಗಿ ಕೆಮ್ಮಿದರು. ಪ್ರಾಜಕ್ತಾ ಅವರಿಗೆ ಕೆಮ್ಮಿನ ಔಷಧಿ ತಂದುಕೊಟ್ಟಳು, ಅದನ್ನೂ ಕುಡಿದರು.

ಎರಡು ನೂರ ಅರವತ್ತೆಂಟು ಕಿಲೋ. ಮುಂಬೈಗೆ ನಾನು ಬರೆದ ತಪ್ಪೊಪ್ಪಿಗೆಯ ಜೊತೆ ಈ ತೂಕದ ಚೀಟಿಯೂ ಹೋಯಿತು. ಸಪ್ನಾ ಉತ್ತರಿಸಿದ್ದಾಳೆ. ನಡೆದದ್ದನ್ನು ತಿಳಿದು ಅವಳಿಗೂ ಬೇಸರವಾಗಿದೆ. ಕುರಿಯ ಸಂಖ್ಯೆಯ ಬದಲು ತೂಕ ನಡೆಯುತ್ತದೆ. ಆದರೆ ವರ್ಷದ ಎರಡೂ ಕತ್ತರಿಯದು ಬೇಕು. ಮುಂದಿನ ಜೂನಿನ ರಾಶಿಯೂ ಸೇರಿ ಐದು ನೂರು ದಾಟಿದರೆ ಮಂಜೂರು. ಇನ್ನು ಆರು ತಿಂಗಳು ಕಾಯಿರಿ ಎಂದು ಹೇಳಲು ನನಗೇ ಬಾಯಿ ಬರುತ್ತಿಲ್ಲ.

ರಾಟಿ ಮನೆಗೆ ಬಂತೇ?

ಚನ್ನವೀರಪ್ಪ

*

ಚಪಳಗಾಂವ
10 ಜನವರಿ 2025

ಚನ್ನವೀರಪ್ಪ ಕಾಕಾರಿಗೆ ನಮಸ್ಕಾರ.

ಬಂದಿಲ್ಲ. ಡಿಸೆಂಬರಿನಲ್ಲಿ ಕತ್ತರಿಸುವವರಿಗೆ ರೊಟ್ಟಿ ಬಡಿದದ್ದು ಬೀರವ್ವನೇ, ಆದರೆ ಗೋಡೆಗೆ ಬೆನ್ನು ಹಾಕಿ ಕುಳಿತು ಬಡಿದಳು. ಎಷ್ಟಾಯಿತು ಎಂದು ನಾನು ಅಪ್ಪಿತಪ್ಪಿ ಕೇಳಿದೆ. "ನನಗೇನ ಗೊತ್ತ ವೈನಿ" ಎಂದಳು.

ಆರು ತಿಂಗಳು ನಮಗೆ ಹೊಸದಲ್ಲ. ನಿಮ್ಮ ಕೆಮ್ಮಿನ ಔಷಧಿ ನಮ್ಮವರಿಗೆ ರುಚಿ ಹತ್ತಿದೆ, ಇನ್ನೊಂದು ಬಾಟಲಿ ಕಳಿಸಬೇಡಿರಿ.

ಜನಾಬಾಯಿ

*

ಸೊಲ್ಲಾಪುರ
8 ಜುಲೈ 2025

ಮಗಳೇ ಜನಾಬಾಯಿ,

ಜೂನಿನ ರಾಶಿ ಎರಡು ನೂರ ತೊಂಬತ್ತಾರು ಕಿಲೋ. ಎರಡೂ ಸೇರಿ ಐದು ನೂರು ದಾಟಿ ಅರವತ್ತನಾಲ್ಕು ಹೆಚ್ಚು. ಇವತ್ತು ಮಧ್ಯಾಹ್ನ ಮುಂಬೈಯಿಂದ ಮಂಜೂರಾತಿ ಬಂತು. ಯಂತ್ರ ಆಗಸ್ಟಿನ ಕೊನೆಗೆ ಚಪಳಗಾಂವಕ್ಕೆ ಬರುತ್ತದೆ. ಲೀಲಾಬಾಯಿ ಸಕ್ಕರೆ ಹಂಚಿದಳು, ಪಕ್ಕದ ಅಂಗಡಿಯವರಿಗೂ ಕೊಟ್ಟೆ. ಹೋದ ವರ್ಷ 'ದಾರಿ ತಪ್ಪಿಸುವ ಮಾಹಿತಿ' ಕೇಳಿಸಿಕೊಂಡವರು ಅವರೇ ತಾನೇ.

ಇಷ್ಟಕ್ಕೇ ನಿಲ್ಲಿಸಬೇಕೆಂದಿದ್ದೆ. ಆದರೆ ಮಂಜೂರಾತಿಯ ಜೊತೆ ಇನ್ನೊಂದು ಹೊಸ ನಮೂನೆ ಬಂದಿದೆ. ಯಂತ್ರದ ಮೇಲೆ ಹಚ್ಚುವ ಫಲಕಕ್ಕೆ ಮಾಹಿತಿ ಬೇಕಂತೆ. ಅದರಲ್ಲಿಯೂ ಏಳನೆಯ ಕಾಲಮ್ಮು ಕುರಿಗಳ ಸಂಖ್ಯೆ. ಕೈಯಲ್ಲಿದ್ದ ಪೆನ್ನು ಎಸೆದೆ, ಅದು ಇನ್ನೂ ಸಿಕ್ಕಿಲ್ಲ, ಇದು ಪ್ರಾಜಕ್ತಾಳ ಪೆನ್ನು. ಸಪ್ನಾಳಿಗೆ ಹೇಳಿಸಿದೆ. ಆ ಕಾಲಮ್ಮು ತೆಗೆಯುವ ಅಧಿಕಾರ ತನಗಿಲ್ಲ, ಆದರೆ ಅಲ್ಲಿ ಏನು ಬರೆದರೂ ಈ ಸಲ ತಾನು ಗಟ್ಟಿಯಾಗಿ ಓದುವುದಿಲ್ಲ ಎಂದಳು.

ಏನು ಬರೆಯಲಿ? ನೀವು ಹೇಳಿದ ಹೊರತು ಒಂದಂಕಿಯನ್ನೂ ಹಾಕುವುದಿಲ್ಲ. ಮತ್ತು ನಾನು ಪ್ರತಿ ಕಾಗದದಲ್ಲೂ ಕೇಳಿ ನೀವು ಜನವರಿಯ ಆಮೇಲಿನ ಎರಡು ಕಾಗದದಲ್ಲಿ ಉತ್ತರಿಸದೇ ಬಿಟ್ಟ ಮಾತು: ರಾಟಿ?

ಚನ್ನವೀರಪ್ಪ

*

ಚಪಳಗಾಂವ
14 ಜುಲೈ 2025

ಚನ್ನವೀರಪ್ಪ ಕಾಕಾರಿಗೆ, ಲೀಲಾಬಾಯಿ ಕಾಕಿಯವರಿಗೆ ಜನಾಬಾಯಿಯ ನಮಸ್ಕಾರ.

ಏಳನೆಯ ಕಾಲಮ್ಮಿನಲ್ಲಿ ನಲವತ್ತು ಎಂದು ಬರೆಯಿರಿ. ಫಲಕದ ಮೇಲೆ ಇರಲಿ, ನಮ್ಮ ಗಂಡಸರು ನಿಶ್ಚಿಂತೆಯಿಂದ ಇರುತ್ತಾರೆ.

ರಾಟಿಯ ವಿಷಯ ಎರಡು ಕಾಗದದಲ್ಲಿ ಬರೆಯಲಿಲ್ಲ. ಬರೆಯಲು ಒಳ್ಳೆಯದೇನೂ ಇರಲಿಲ್ಲ. ಈಗ ಬರೆಯುತ್ತೇನೆ. ರಾಟಿ ಮನೆಯಲ್ಲಿದೆ. ಗುಡಿಯಿಂದ ಹೊತ್ತು ತಂದವರು ನಮ್ಮ ಯಜಮಾನರು. ನಿಮಗೆ ಮಂಜೂರಾತಿ ಬರುವುದಕ್ಕಿಂತ ಒಂಬತ್ತು ದಿನ ಮೊದಲು, ಆಗ ಯಂತ್ರ ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಅದರ ಹಿಂದಿನ ದಿನ, ಜೂನಿನ ಉಣ್ಣೆ ಕತ್ತರಿಸುವುದು ಮುಗಿದ ಸಂಜೆ, ಹನ್ನೊಂದು ಮನೆಯ ಗಂಡಸರು ನಮ್ಮ ಅಂಗಳದಲ್ಲಿ ಕೊನೆಯ ಊಟಕ್ಕೆ ಕುಳಿತಿದ್ದರು. ಬೀರವ್ವ ಒಳಗೆ ಒಲೆಯ ಮುಂದೆ ಇದ್ದಳು. ಗೋಡೆಯ ಮೇಲೆ ಒಂದು ಗೆರೆಯೂ ಇರಲಿಲ್ಲ. ಯಜಮಾನರು ಕೈ ತೊಳೆದುಕೊಂಡು ಬಂದು ಎಲ್ಲರಿಗೂ ಕೇಳುವ ಹಾಗೆ ಬಾಗಿಲಲ್ಲಿ ನಿಂತರು. ಹತ್ತು ತಿಂಗಳ ಮೇಲೆ ತಂಗಿಯ ಹೆಸರು ಹಿಡಿದು ಕರೆದರು.

"ಬೀರವ್ವಾ, ಈ ಸಲ ರೊಟ್ಟಿ ಎಷ್ಟ ಆದ್ವು?"

ಅಂಗಳದಲ್ಲಿ ಉಣ್ಣುವವರ ಕೈ ನಿಂತವು. ಗೊತ್ತಿಲ್ಲ ಎನ್ನುತ್ತಾಳೆ ಎಂದುಕೊಂಡೆ. ಅವಳು ರೊಟ್ಟಿ ತಿರುವಿ ಹಾಕಿದಳು, ಸೆರಗಿನಿಂದ ಮುಖ ಒರೆಸಿಕೊಂಡಳು, ಗೋಡೆಯ ಕಡೆ ನೋಡದೆ ಹೇಳಿದಳು.

"ಮುನ್ನೂರ ಐವತ್ತೊಂದ, ಅಣ್ಣಾ. ಹಂಚಿನ ಮ್ಯಾಗಿಂದು ಬಿಟ್ಟು."

ಜನಾಬಾಯಿ